ಊರು ಬಿಟ್ಟವರ ಸಂಘ, ಓದಿಗೆ ಏಣಿ

‘ಸಂಘ’ ಅಂದ ಕೂಡಲೇ ನಮ್ಮ ಕ್ಯಾಂಪಸ್‌ನಾಗ ಎಲ್ಲರಿಗೂ ನೆನಪಾಗೋದು ನವೆಂಬರ್ 1. ಹಳದಿ-ಕೆಂಪು ಶಾಲು, ಬಾಡಿಗೆ ಸ್ಪೀಕರ್, ಡಾನ್ಸ್ ಪ್ರಾಕ್ಟೀಸ್, ಕೊನೆಗೊಂದು ಗ್ರೂಪ್ ಫೋಟೊ. ಇದೆಲ್ಲ ಬೇಕು, ನನಗೂ ಇಷ್ಟ. ಆದ್ರ ಈ ಲೇಖನದಲ್ಲಿ ನಾನು ಬರೆಯಲು ಹೊರಟಿರೋದು ಬೇರೆ ತರದ ಸಂಘಗಳ ಬಗ್ಗೆ. ಕೆಲಸ ಹುಡುಕಿಕೊಂಡು ಊರು ಬಿಟ್ಟವರು, ಹೋದ ಊರಿನಲ್ಲಿ ಕಟ್ಟಿಕೊಂಡ ಸಂಘಗಳು. ಆ ಸಂಘಗಳ ನೆರಳಲ್ಲಿ ಬೆಳೆದ ಹುಡುಗ ಹುಡುಗಿಯರಿಗೆ ಓದಲು ಯಾವ ದಾರಿ ಸಿಕ್ಕಿತು? ಯಾರಿಗೆ ಸಿಗಲಿಲ್ಲ? ಈ ಎರಡು ಪ್ರಶ್ನೆ ಇಟ್ಟುಕೊಂಡು ನೋಡೋಣ ಬರ್ರಿ.

1. ಸಂಘ ಯಾಕೆ ಹುಟ್ಟುತ್ತದೆ?

ನಮ್ಮ ಕಲಬುರಗಿಯ ರೋಜಾ ಪ್ರದೇಶದಿಂದಲೇ ಶುರು ಮಾಡಬಹುದು. ರೋಜಾ ಅನ್ನೋ ಹೆಸರು ಬಂದಿರೋದು ‘ರೌಜಾ’ ಎಂಬ ಪದದಿಂದ, ಅಂದ್ರ ಸಂತರ ಸಮಾಧಿ ಇರುವ ಜಾಗ. ಇಲ್ಲಿರುವ ದರ್ಗಾ ಖಾಜಾ ಬಂದಾನವಾಜ್ ಅವರದು. ಅವರೇನು ಕಲಬುರಗಿಯಲ್ಲಿ ಹುಟ್ಟಿದವರಲ್ಲ. 1398ರಲ್ಲಿ ತೈಮೂರನ ದಾಳಿಯ ಹೊತ್ತಿಗೆ ದಿಲ್ಲಿ ಬಿಟ್ಟು ದಖ್ಖನ್ನಿಗೆ ಬಂದವರು, 1422ರಲ್ಲಿ ಇಲ್ಲೇ ತೀರಿಕೊಂಡವರು. ನಮ್ಮ ಊರಿನ ಅತಿ ಹೆಸರಾದ ಮನುಷ್ಯರಲ್ಲೊಬ್ಬರು ಹೊರಗಿನಿಂದ ಬಂದವರು ಅಂತಾಯ್ತು. ಅವರ ಹೆಸರಲ್ಲಿ ಇವತ್ತು ಕಾಲೇಜುಗಳಿವೆ, ವಿಶ್ವವಿದ್ಯಾಲಯವೇ ಇದೆ.

ಬಂದವರು ಹೊಸ ಜಾಗದಲ್ಲಿ ಮೊದಲು ಹುಡುಕೋದು ಮೂರು: ಮಲಗಲು ಜಾಗ, ಮಾಡಲು ಕೆಲಸ, ಮಾತಾಡಲು ತಮ್ಮ ಭಾಷೆಯ ಜನ. ಮೂರನೆಯದು ಸಿಕ್ಕರೆ ಮೊದಲಿನ ಎರಡು ಬೇಗ ಸಿಗ್ತಾವ. ನಾಲ್ಕು ಜನ ಸೇರಿ ತಿಂಗಳಿಗೆ ಇಷ್ಟು ಅಂತ ವರ್ಗಣಿ ಎತ್ತುತ್ತಾರೆ. ಯಾರಾದರೂ ತೀರಿಕೊಂಡರೆ ಊರಿಗೆ ಕಳಿಸಲು, ಕಾಯಿಲೆ ಬಿದ್ದರೆ ಆಸ್ಪತ್ರೆಗೆ ಅಂತ ಅದು ಶುರುವಾಗುತ್ತೆ. ಮಕ್ಕಳು ಬಂದ ಮೇಲೆ ಅಥವಾ ಮಕ್ಕಳೇ ಕೆಲಸಕ್ಕೆ ಬಂದಾಗ ಶಾಲೆಯ ಪ್ರಶ್ನೆ ಏಳುತ್ತೆ. ಸಂಘ ಮತ್ತು ಓದು ಸೇರೋದು ಇಲ್ಲೇ.

2. ಮುಂಬೈ: ಹಗಲು ಹೋಟೆಲ್, ರಾತ್ರಿ ಶಾಲೆ

ಕನ್ನಡಿಗರ ಮಟ್ಟಿಗೆ ಇದರ ಅತಿ ದೊಡ್ಡ ಉದಾಹರಣೆ ಮುಂಬೈ. ದಕ್ಷಿಣ ಕನ್ನಡ ಮತ್ತು ಉಡುಪಿ ಕಡೆಯಿಂದ 20ನೇ ಶತಮಾನದ ಉದ್ದಕ್ಕೂ ಜನ ಮುಂಬೈಗೆ ಹೋದರು. ಬಹಳಷ್ಟು ಜನ ಹೋಟೆಲ್ ಕೆಲಸಕ್ಕೆ. ಅದರಲ್ಲಿ ಹತ್ತು-ಹನ್ನೆರಡು ವರ್ಷದ ಹುಡುಗರೂ ಇದ್ದರು. ಊರಲ್ಲಿ ನಾಲ್ಕನೆಯದೋ ಏಳನೆಯದೋ ಕ್ಲಾಸಿಗೆ ಶಾಲೆ ನಿಂತಿತ್ತು. ಮುಂಬೈಯಲ್ಲಿ ಟೇಬಲ್ ಒರೆಸುವುದು, ಲೋಟ ತೊಳೆಯುವುದು, ಹೋಟೆಲಿನ ಅಟ್ಟದ ಮೇಲೆ ಮಲಗುವುದು. ಇವತ್ತಿನ ಕಣ್ಣಲ್ಲಿ ನೋಡಿದರೆ ಅದು ನೇರವಾಗಿ ಬಾಲಕಾರ್ಮಿಕ ಪದ್ಧತಿ. ಅದನ್ನ ಚಂದ ಮಾಡಿ ಹೇಳೋದು ಬೇಡ.

ಆದ್ರ ಅಲ್ಲೇ ಒಂದು ವಿಷಯ ನಡೆಯಿತು. ಊರವರ ಸಂಘಗಳು ರಾತ್ರಿ ಶಾಲೆ ತೆರೆದವು. ಮೀನುಗಾರ ಸಮುದಾಯದ ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ. ಬಂಟರ ಸಂಘ 1927ರಲ್ಲಿ, ಬಿಲ್ಲವರ ಅಸೋಸಿಯೇಷನ್ 1932ರಲ್ಲಿ. ಮೂರೂ ರಾತ್ರಿ ಶಾಲೆ ನಡೆಸಿದವು. ಬಿಲ್ಲವರದು ಗುರುನಾರಾಯಣ ರಾತ್ರಿ ಪ್ರೌಢಶಾಲೆ. ಕನ್ನಡ ಮಾಧ್ಯಮದಲ್ಲಿ ಪಾಠ, ಕೊನೆಗೆ ಎಲ್ಲರಂತೆ ಮಹಾರಾಷ್ಟ್ರದ ಎಸ್‌ಎಸ್‌ಸಿ ಪರೀಕ್ಷೆ.

ಈ ಶಾಲೆಗಳ ವ್ಯವಸ್ಥೆಯನ್ನ ಎಂಜಿನಿಯರ್ ಕಣ್ಣಿನಿಂದ ನೋಡಿದರೆ ಎಷ್ಟು ಸರಳ ಅನ್ನಿಸುತ್ತೆ. ಕಟ್ಟಡ ಹೊಸದಾಗಿ ಕಟ್ಟಬೇಕಿಲ್ಲ, ಹಗಲು ಶಾಲೆಯ ಕೋಣೆ ರಾತ್ರಿ ಖಾಲಿ ಇರ್ತದ. ಮಾಸ್ತರು ಹಗಲು ಬೇರೆ ಕೆಲಸ ಮಾಡಿ ಸಂಜೆ ಬರ್ತಾರ. ಹುಡುಗನ ಶಿಫ್ಟ್ ಹೊಂದಿಸಬೇಕು, ಅದಕ್ಕೆ ಹೋಟೆಲ್ ಮಾಲೀಕ ಒಪ್ಪಬೇಕು. ಮಾಲೀಕನೂ ಅದೇ ಸಂಘದ ಸದಸ್ಯ ಆಗಿದ್ದರೆ ‘ಹುಡುಗನ್ನ ಸಂಜೆ ಬಿಡ್ರಿ’ ಅಂತ ಹೇಳೋ ಧೈರ್ಯ ಸಂಘಕ್ಕೆ ಇರ್ತದ. ಸರ್ಕಾರದ ಆದೇಶಕ್ಕಿಂತ ಆ ಒಂದು ಮಾತು ಹೆಚ್ಚು ಕೆಲಸ ಮಾಡ್ತಿತ್ತು ಅಂತ ನನಗನ್ನಿಸುತ್ತೆ. ಇಲ್ಲಿ ಹೊಸದಾಗಿ ತಂದ ವಸ್ತು ಏನೂ ಇಲ್ಲ. ಇದ್ದದ್ದನ್ನೇ ಜೋಡಿಸಿದ್ದು ಅಷ್ಟೇ.

ಈ ಶಾಲೆಗಳಲ್ಲಿ ಓದಿದವರು ಮುಂದೆ ಬ್ಯಾಂಕ್ ಸೇರಿದರು, ವಕೀಲರಾದರು, ಸ್ವಂತ ಹೋಟೆಲ್ ಹಾಕಿದರು. ಸಂಘಗಳೂ ಜೊತೆಗೆ ಬೆಳೆದವು. ಬಿಲ್ಲವರ ಅಸೋಸಿಯೇಷನ್‌ನವರು 1978ರಲ್ಲಿ ಭಾರತ್ ಕೋ-ಆಪರೇಟಿವ್ ಬ್ಯಾಂಕ್ ಕಟ್ಟಿದರು. ಬಂಟರ ಸಂಘ ಪೊವಾಯಿಯಲ್ಲಿ ದೊಡ್ಡ ಶಾಲೆ, ಕಾಲೇಜು ನಡೆಸುತ್ತಿದೆ. ಜಾತಿಯ ಹೆಸರಿಲ್ಲದ ಸಂಘಗಳೂ ಇದ್ದವು. ಮಾಟುಂಗಾದಲ್ಲಿ 1926ರ ಮೈಸೂರು ಅಸೋಸಿಯೇಷನ್, ಮಾಹಿಮ್‌ನಲ್ಲಿ 1933ರ ಕರ್ನಾಟಕ ಸಂಘ. ಅವು ನಾಟಕ, ಉಪನ್ಯಾಸ, ಪುಸ್ತಕದ ಕಡೆ ಹೆಚ್ಚು ಕೆಲಸ ಮಾಡಿದವು. ಮುಂಬೈ ಮಹಾನಗರ ಪಾಲಿಕೆಯೂ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತೆ, ಅದರಲ್ಲಿ ಕನ್ನಡ ಒಂದು. ಕೇಳೋರು ಇದ್ದದ್ದರಿಂದ ಇಂಥವೆಲ್ಲ ಉಳಿದವು.

ಈಗ ರಾತ್ರಿ ಶಾಲೆಗಳು ಸೊರಗಿವೆ. ಕಾರಣ ಕೆಟ್ಟದ್ದೇ ಅಂತಲ್ಲ. ಕರಾವಳಿಯ ಹಳ್ಳಿಗಳಲ್ಲೇ ಹೈಸ್ಕೂಲು, ಕಾಲೇಜು ಬಂದವು. ಹುಡುಗರು ಚಿಕ್ಕ ವಯಸ್ಸಿನಲ್ಲಿ ಊರು ಬಿಡೋದು ಕಡಿಮೆಯಾಯಿತು. 2006ರ ಅಕ್ಟೋಬರ್‌ನಿಂದ 14 ವರ್ಷದೊಳಗಿನ ಮಕ್ಕಳನ್ನ ಹೋಟೆಲ್, ಢಾಬಾ ಮತ್ತು ಮನೆಗೆಲಸಕ್ಕೆ ಇಟ್ಟುಕೊಳ್ಳೋದು ನಿಷೇಧವಾಯಿತು. ಇನ್ನು ಮುಂಬೈಯಲ್ಲೇ ಹುಟ್ಟಿದ ಮಕ್ಕಳು ಇಂಗ್ಲಿಷ್ ಮೀಡಿಯಂಗೆ ಹೋದರು. ನಾನೂ ಇಂಗ್ಲಿಷ್ ಮೀಡಿಯಂನವನೇ, ಅವರಿಗೆ ಬುದ್ಧಿ ಹೇಳೋ ಹಕ್ಕು ನನಗಿಲ್ಲ.

3. ಸೊಲ್ಲಾಪುರ: ಯಾವ ಸಂಘಕ್ಕೂ ಸೇರದವರ ಹಾಸ್ಟೆಲ್

ಮೇಲಿನ ಕಥೆಯಲ್ಲಿ ಒಂದು ತೊಡಕಿದೆ, ಗಮನಿಸಿದ್ರಾ? ದೊಡ್ಡ ಸಂಘಗಳು ಬಹುಪಾಲು ಜಾತಿಯ ಸಂಘಗಳು. ತಮ್ಮವರಲ್ಲಿ ಹೋಟೆಲ್ ಮಾಲೀಕರು, ವ್ಯಾಪಾರಸ್ಥರು ಇದ್ದವರಿಗೆ ಸಂಘ ಬೇಗ ಬಲವಾಯಿತು. ವರ್ಗಣಿ ಕೊಡಲೂ ಕೈಯಲ್ಲಿ ಕಾಸಿಲ್ಲದ, ಬೇರೆಯವರ ಹಾಸ್ಟೆಲ್ಲಿನ ಬಾಗಿಲೂ ತೆರೆಯದ ಜನ ಏನು ಮಾಡಬೇಕು?

ಇದಕ್ಕೆ ಉತ್ತರ ನಮ್ಮ ಹತ್ತಿರವೇ ಇದೆ. ಕಲಬುರಗಿಯಿಂದ ಮುಂಬೈ ರೈಲು ಹತ್ತಿದರೆ ಬರುವ ಮೊದಲ ದೊಡ್ಡ ಊರು ಸೊಲ್ಲಾಪುರ. ಅಂಬೇಡ್ಕರ್ ಅವರು 1924ರಲ್ಲಿ ಮುಂಬೈಯಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು. ಆ ಸಭಾ 1925ರ ಜನವರಿಯಲ್ಲಿ ತೆರೆದ ವಿದ್ಯಾರ್ಥಿ ನಿಲಯ ಇದ್ದದ್ದು ಸೊಲ್ಲಾಪುರದಲ್ಲಿ. ಹಳ್ಳಿಯ ದಲಿತ ಹುಡುಗ ಪಟ್ಟಣದ ಹೈಸ್ಕೂಲಿಗೆ ಸೇರಬಹುದು ಅಂತ ಕಾಗದದ ಮೇಲೆ ಇದ್ದರೂ, ಅವನಿಗೆ ಬಾಡಿಗೆಗೆ ಕೋಣೆ ಯಾರು ಕೊಡ್ತಾರ, ಊಟ ಯಾರು ಹಾಕ್ತಾರ? ಮಲಗಲು ಜಾಗ ಇಲ್ಲಂದ್ರ ಅಡ್ಮಿಷನ್ ತಗೊಂಡು ಏನು ಮಾಡೋದು? ಅದಕ್ಕೇ ಹಾಸ್ಟೆಲ್ ಮೊದಲು ಬಂತು.

ಮುಂದೆ ಅವರು 1945ರಲ್ಲಿ ಪೀಪಲ್ಸ್ ಎಜುಕೇಷನ್ ಸೊಸೈಟಿ ಕಟ್ಟಿ, 1946ರಲ್ಲಿ ಮುಂಬೈಯ ಸಿದ್ಧಾರ್ಥ ಕಾಲೇಜು ತೆರೆದರು. ಅಲ್ಲಿ ಬೆಳಗಿನ ಹೊತ್ತು ಕ್ಲಾಸ್ ಇಟ್ಟಿದ್ದರು, ದುಡಿಯುವವರೂ ಓದಲಿ ಅಂತ. 1950ರಲ್ಲಿ ಔರಂಗಾಬಾದ್‌ನಲ್ಲಿ ಅದೇ ಸೊಸೈಟಿಯ ಕಾಲೇಜು ಶುರುವಾಯಿತು. ಆಗ ಔರಂಗಾಬಾದ್ ಮತ್ತು ಕಲಬುರಗಿ ಎರಡೂ ಒಂದೇ ಹೈದರಾಬಾದ್ ರಾಜ್ಯದ ಊರುಗಳು. ಮುಂಬೈಯ ರಾತ್ರಿ ಶಾಲೆ, ಸಿದ್ಧಾರ್ಥದ ಬೆಳಗಿನ ಕ್ಲಾಸ್, ಸೊಲ್ಲಾಪುರದ ಹಾಸ್ಟೆಲ್: ಮೂರರಲ್ಲೂ ಕೇಳಿದ ಪ್ರಶ್ನೆ ಒಂದೇ. ಈ ಹುಡುಗನ ದಿನ ಹೆಂಗಿರ್ತದ? ಅವನ ದಿನಕ್ಕೆ ಶಾಲೆಯನ್ನ ಹೊಂದಿಸಿದರು.

4. ಸಮುದ್ರದಾಚೆ: ಪೋರ್ಚುಗೀಸರು, ಕನ್ನಡಿಗರು

ಇದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಪೋರ್ಚುಗಲ್‌ಗೆ ಸೇರಿದ ಅಝೋರ್ಸ್ ಎಂಬ ದ್ವೀಪಗಳಿವೆ, ಅಟ್ಲಾಂಟಿಕ್ ಸಾಗರದ ನಡುವೆ. 1957-58ರಲ್ಲಿ ಅಲ್ಲಿನ ಫಾಯಲ್ ದ್ವೀಪದಲ್ಲಿ ಜ್ವಾಲಾಮುಖಿ ಎದ್ದು ಮನೆ, ಹೊಲ ಬೂದಿಯಲ್ಲಿ ಮುಚ್ಚಿಹೋದವು. 1958ರಲ್ಲಿ ಅಮೆರಿಕ ಇವರಿಗಾಗಿಯೇ ಒಂದು ಕಾಯ್ದೆ ಮಾಡಿ ಒಳಗೆ ಬಿಟ್ಟುಕೊಂಡಿತು. ಅದಕ್ಕೂ ಮೊದಲಿನಿಂದಲೇ ಮ್ಯಾಸಚೂಸೆಟ್ಸ್‌ನ ಫಾಲ್ ರಿವರ್, ನ್ಯೂ ಬೆಡ್‌ಫರ್ಡ್ ಊರುಗಳ ಬಟ್ಟೆ ಗಿರಣಿಗಳಲ್ಲಿ, ಕ್ಯಾಲಿಫೋರ್ನಿಯಾದ ಹೈನು ಫಾರ್ಮುಗಳಲ್ಲಿ ಪೋರ್ಚುಗೀಸರು ದುಡಿಯುತ್ತಿದ್ದರು. ಅವರ ಸಂಘಗಳ ಕೇಂದ್ರ ಹಬ್ಬ. ಹಬ್ಬಕ್ಕೊಂದು ಹಾಲ್, ಹಾಲ್‌ಗೊಂದು ಬ್ಯಾಂಡ್, ಬ್ಯಾಂಡಿನ ನೆಪದಲ್ಲಿ ಮಕ್ಕಳಿಗೆ ಸಂಗೀತ, ಅದೇ ಹಾಲಿನಲ್ಲಿ ಶಾಲೆ ಮುಗಿದ ಮೇಲೆ ಪೋರ್ಚುಗೀಸ್ ಭಾಷೆಯ ಪಾಠ, ಕಾಲೇಜು ಸೇರುವವರಿಗೆ ಸ್ಕಾಲರ್‌ಶಿಪ್. ಹಬ್ಬದ ಊಟ ಮಾರಿದ ದುಡ್ಡು ಒಂದು ಮಗುವಿನ ಫೀಸ್ ಆಗಬಹುದು ಅನ್ನೋದು ನಮ್ಮ ಕಾರ್ಯಕ್ರಮ ಸಮಿತಿಯವರು ಯೋಚಿಸಬೇಕಾದ ವಿಷಯ.

ಅಮೆರಿಕದ ಕನ್ನಡ ಕೂಟಗಳು ಹುಟ್ಟಿದ್ದು 1970ರ ದಶಕದ ಆಚೀಚೆ. ಉತ್ತರ ಕ್ಯಾಲಿಫೋರ್ನಿಯಾದ ಕೂಟ ಶುರುವಾದದ್ದು 1973ರಲ್ಲಿ. ಅಲ್ಲಿ ಈಗ ವಾರಾಂತ್ಯದ ‘ಕನ್ನಡ ಕಲಿ’ ತರಗತಿಗಳು ನಡೀತಾವ. ದುಬೈಯಲ್ಲೂ ಕನ್ನಡ ಪಾಠಶಾಲೆ ಇದೆ. ಇವು ಒಳ್ಳೆಯ ಕೆಲಸಗಳು. ಆದ್ರ ಮುಂಬೈಯ ರಾತ್ರಿ ಶಾಲೆಗೂ ಇದಕ್ಕೂ ವ್ಯತ್ಯಾಸ ಇದೆ. ಅಲ್ಲಿನ ಮಕ್ಕಳ ಅಪ್ಪ-ಅಮ್ಮ ಆಗಲೇ ಓದಿದವರು. ಹಗಲಿನ ಶಾಲೆ ಹೇಗೂ ಇದೆ. ಸಂಘ ಅಲ್ಲಿ ಉಳಿಸ್ತಿರೋದು ಅಜ್ಜಿ ಜೊತೆ ಮಾತಾಡುವ ಭಾಷೆಯನ್ನ. ಮುಂಬೈಯಲ್ಲಿ ಸಂಘ ಉಳಿಸಿದ್ದು ಹುಡುಗನ ಓದನ್ನೇ. ಮೊದಲನೆಯದಕ್ಕೆ ಭಾಷೆ ಗುರಿ, ಎರಡನೆಯದಕ್ಕೆ ಭಾಷೆ ದಾರಿ.

5. ಸಂಘ ಕೊಡೋದು ಏನು? ನಾಲ್ಕು ಅಂಶ

ಪರೀಕ್ಷೆಗೆ ಬರೆಯೋ ತರ ಪಾಯಿಂಟ್ ಮಾಡಿದರೆ ಹೀಗಾಗುತ್ತೆ:

ಒಂದು, ಜಾಗ. ಹಾಸ್ಟೆಲ್, ಹಾಲ್, ಒಂದು ಕೋಣೆ, ಲೈಟು.

ಎರಡು, ಸಮಯ. ದುಡಿಯುವವನ ಗಡಿಯಾರಕ್ಕೆ ಹೊಂದುವ ಪಾಠ.

ಮೂರು, ದುಡ್ಡು. ಫೀಸ್, ಪುಸ್ತಕ, ಪರೀಕ್ಷಾ ಶುಲ್ಕ. ಬಹಳ ಸಲ ಇದು ನಾವು ಅಂದುಕೊಂಡಷ್ಟು ದೊಡ್ಡ ಮೊತ್ತ ಇರೋದಿಲ್ಲ.

ನಾಲ್ಕು, ಸುದ್ದಿ. ಯಾವ ಫಾರ್ಮ್, ಯಾವ ತಾರೀಖು, ಯಾವ ಕಚೇರಿ, ಯಾರನ್ನ ಕೇಳಬೇಕು.

ಮೊದಲ ಮೂರು ಎಲ್ಲರಿಗೂ ಕಾಣ್ತಾವ. ನಾಲ್ಕನೆಯದು ಕಾಣೋದಿಲ್ಲ. ಓದಿದವರ ಮನೆಯಲ್ಲಿ ಅದು ಊಟದ ಹೊತ್ತಿಗೆ ಸುಮ್ಮನೆ ಸಿಗುತ್ತೆ, ಹಾಗಾಗಿ ಅದಕ್ಕೆ ಬೆಲೆ ಇದೆ ಅಂತಲೂ ಗೊತ್ತಾಗೋದಿಲ್ಲ. ನಮ್ಮ ಓಣಿಯಲ್ಲಿ ಒಬ್ಬ ಅಣ್ಣ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವರು. ಡಿಪ್ಲೊಮಾ ಆದವರು ಡಿಸಿಇಟಿ ಬರೆದು ನೇರವಾಗಿ ಬಿಇ ಎರಡನೇ ವರ್ಷಕ್ಕೆ ಸೇರಬಹುದು ಅನ್ನೋದು ಅವರಿಗೆ ಗೊತ್ತಾಗೋ ಹೊತ್ತಿಗೆ ಅರ್ಜಿ ತಾರೀಖು ಮುಗಿದಿತ್ತು. ಮುಂದಿನ ವರ್ಷ ಬರೀರಿ ಅಂದ್ರ, ಅಷ್ಟರಲ್ಲಿ ಪುಣೆಗೆ ಕೆಲಸಕ್ಕೆ ಹೋಗಿಯಾಗಿತ್ತು. ಅವರ ಮಾರ್ಕ್ಸ್ ಕಡಿಮೆ ಇರಲಿಲ್ಲ. ಹೇಳೋರು ಇರಲಿಲ್ಲ, ಅಷ್ಟೇ.

6. ಸಂಘ ಇಲ್ಲದ ವಲಸೆ: ಕಮಲಾಪುರದ ತಾಂಡಾಗಳು

ಈಗ ನಮ್ಮ ಜಿಲ್ಲೆಗೇ ಬರೋಣ. ಕಲಬುರಗಿಯಿಂದ ಹುಮನಾಬಾದ್ ಕಡೆ ಹೋದರೆ ಕಮಲಾಪುರ ಸಿಗುತ್ತೆ, ಕೆಂಪು ಬಾಳೆಗೆ ಹೆಸರಾದ ಊರು. ಸುತ್ತಮುತ್ತ ಬಂಜಾರ ತಾಂಡಾಗಳಿವೆ. ಮಳೆ ನಂಬಿದ ಬೇಸಾಯ, ತೊಗರಿ ರಾಶಿ ಆದ ಮೇಲೆ ಕೆಲಸ ಇರೋದಿಲ್ಲ. ಜನ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ, ಮಹಾರಾಷ್ಟ್ರದ ಕಡೆ ಕಬ್ಬು ಕಡಿಯಲು ಹೋಗ್ತಾರ. ಕೆಲವರು ದೀಪಾವಳಿ ಮುಗಿಸಿ ಹೋಗಿ ಮಳೆಗಾಲಕ್ಕೆ ವಾಪಸ್ ಬರ್ತಾರ. ಕೆಲವರು ವರ್ಷಗಟ್ಟಲೆ ಅಲ್ಲೇ.

ಒಂದು ಮಗುವನ್ನ ಊಹಿಸಿಕೊಳ್ಳಿ. ಮನೆಯಲ್ಲಿ ಲಂಬಾಣಿ ಮಾತು. ಶಾಲೆಯಲ್ಲಿ ಕನ್ನಡ. ಮೂರನೇ ಕ್ಲಾಸಿನ ಮಧ್ಯದಲ್ಲಿ ಪುಣೆಗೆ ಹೋದರೆ ಅಲ್ಲಿ ಮರಾಠಿ ಶಾಲೆ. ಆರು ತಿಂಗಳ ನಂತರ ಮತ್ತೆ ಕನ್ನಡ. ಎರಡು ಸಲ ಹೀಗಾದರೆ ಮಗು ಕ್ಲಾಸಿನಲ್ಲಿ ಹಿಂದೆ ಕೂರುತ್ತೆ. ಮೂರನೇ ಸಲ ಬರೋದೇ ಇಲ್ಲ. ಇದನ್ನ ‘ಪೋಷಕರ ನಿರ್ಲಕ್ಷ್ಯ’ ಅಂತ ಒಂದು ಪದದಲ್ಲಿ ಮುಗಿಸೋದು ಸುಲಭ. ಆದ್ರ ಉಡುಪಿಯ ಹೋಟೆಲ್ ಹುಡುಗನ ಅಪ್ಪ-ಅಮ್ಮ ಇವರಿಗಿಂತ ಹೆಚ್ಚು ಓದಿದವರೇನಲ್ಲ. ಆ ಹುಡುಗನಿಗೆ ಮುಂಬೈಯಲ್ಲಿ ಒಂದು ಸಂಘ ಇತ್ತು. ಕಟ್ಟಡದಿಂದ ಕಟ್ಟಡಕ್ಕೆ, ಗುತ್ತಿಗೆದಾರನಿಂದ ಗುತ್ತಿಗೆದಾರನಿಗೆ ಸಾಗುವ ಕುಟುಂಬ ಸಂಘ ಕಟ್ಟೋದು ಹೆಂಗ? ಸಂಘಕ್ಕೆ ಬೇಕಾದ ಮೊದಲ ವಸ್ತು ಒಂದೇ ವಿಳಾಸದಲ್ಲಿ ಕೆಲವು ವರ್ಷ ಉಳಿಯೋದು. ಅದೇ ಇವರ ಹತ್ತಿರ ಇಲ್ಲ.

ಸರ್ಕಾರದ ಕಡೆಯಿಂದ ಕೆಲವು ದಾರಿಗಳಿವೆ. ಪೋಷಕರು ವಲಸೆ ಹೋದಾಗ ಮಕ್ಕಳು ಊರಲ್ಲೇ ಉಳಿದು ಓದಲು ಋತುಮಾನದ ವಸತಿ ಕೇಂದ್ರಗಳು, ಹೋದ ಊರಿನಲ್ಲಿ ಟೆಂಟ್ ಶಾಲೆಗಳು. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ, ವರ್ಗಾವಣೆ ಪತ್ರ ತರೋದು ತಡವಾಯಿತು ಅಂತ ಶಾಲೆಯವರು ಪ್ರವೇಶ ನಿರಾಕರಿಸುವಂತಿಲ್ಲ. 4ನೇ ಸೆಕ್ಷನ್ ಪ್ರಕಾರ, ಶಾಲೆ ಬಿಟ್ಟ ಮಗುವನ್ನ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕು. ಕಾನೂನು ಚೆನ್ನಾಗೇ ಇದೆ. ಆದರೆ ಅದನ್ನ ಪುಣೆಯ ಶಾಲೆಯ ಬಾಗಿಲಲ್ಲಿ ನಿಂತು ಹೇಳೋರು ಬೇಕಲ್ಲ?

ಇದರ ಪೆಟ್ಟು ಹನ್ನೆರಡನೇ ಕ್ಲಾಸಿನ ನಂತರವೂ ಬೀಳುತ್ತೆ, ನಾವು ಎಂಜಿನಿಯರಿಂಗ್‌ನವರು ಇದನ್ನ ತಿಳಿದಿರಬೇಕು. ಸಂವಿಧಾನದ 371(ಜೆ) ವಿಧಿಯಡಿ ನಮ್ಮ ಭಾಗದ ಕಾಲೇಜುಗಳಲ್ಲಿ 70% ಸೀಟು, ರಾಜ್ಯದ ಉಳಿದ ಕಡೆ 8% ಸೀಟು ಕಲ್ಯಾಣ ಕರ್ನಾಟಕದವರಿಗೆ ಮೀಸಲು. ಅದಕ್ಕೆ ಉಪವಿಭಾಗಾಧಿಕಾರಿ ಕೊಡುವ ಪ್ರಮಾಣಪತ್ರ ಬೇಕು. ಆದ್ರ ಅದಕ್ಕೂ ಮೊದಲು ಸಿಇಟಿ ಸೀಟಿಗೆ ಅರ್ಹತೆ ಬೇಕು. ಸಾಮಾನ್ಯ ನಿಯಮದಲ್ಲಿ, ಒಂದರಿಂದ ಪಿಯುಸಿ ತನಕ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು. ಪುಣೆಯಲ್ಲಿ ಹೆಚ್ಚು ವರ್ಷ ಓದಿದ ಕಮಲಾಪುರದ ಮಗು ಇಲ್ಲೇ ಎಡವುತ್ತೆ. ಹೊರನಾಡು, ಗಡಿನಾಡು ಕನ್ನಡಿಗರಿಗೆ ಬೇರೆ ಕ್ಲಾಸ್‌ಗಳಿವೆ, ಅವುಗಳ ಷರತ್ತುಗಳೂ ಬೇರೆ. ಬ್ರೋಶರ್ ಕೂತು ಓದಿದವರಿಗೆ ಮಾತ್ರ ಅದು ಗೊತ್ತು. ಊರಿನ ಹಕ್ಕು ಊರು ಬಿಟ್ಟವರ ಮಕ್ಕಳಿಗೇ ತಪ್ಪಿಹೋಗಬಹುದು. ಅದೂ ಯಾರೂ ಮೊದಲೇ ಹೇಳದೇ ಇದ್ದದ್ದಕ್ಕೆ.

7. ನಮ್ಮ ಕನ್ನಡ ಸಂಘ ಏನು ಮಾಡಬಹುದು?

ಕಲಬುರಗಿಗೆ ಎಂಜಿನಿಯರಿಂಗ್ ಕಾಲೇಜು ಬಂದದ್ದೂ ಇಂಥ ಒಂದು ಸಂಸ್ಥೆಯಿಂದಲೇ. ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ 1958ರಲ್ಲಿ ಪಿಡಿಎ ಕಾಲೇಜು ಕಟ್ಟಿತು. ಅದಕ್ಕೂ ಮೊದಲು ನಮ್ಮವರು ಎಂಜಿನಿಯರಿಂಗ್‌ಗೆ ದೂರದ ಊರಿಗೇ ಹೋಗಬೇಕಿತ್ತು. ನಾವು ಕಾಲೇಜು ಕಟ್ಟೋಕಾಗಲ್ಲ. ಹಾಸ್ಟೆಲ್ ಕಟ್ಟೋಕೂ ಆಗಲ್ಲ. ಮೇಲಿನ ನಾಲ್ಕು ಅಂಶಗಳಲ್ಲಿ ನಮ್ಮ ಕೈಯಲ್ಲಿ ಇರೋದು ನಾಲ್ಕನೆಯದು, ಸುದ್ದಿ. ಅದನ್ನ ಹಂಚಲು ದುಡ್ಡೂ ಬೇಡ.

• ಕನ್ನಡದಲ್ಲಿ ಒಂದೇ ಪುಟದ ಕ್ಯಾಲೆಂಡರ್. ಸಿಇಟಿ, ಡಿಸಿಇಟಿ, ಎಸ್‌ಎಸ್‌ಪಿ ಸ್ಕಾಲರ್‌ಶಿಪ್ ಪೋರ್ಟಲ್, 371(ಜೆ) ಪ್ರಮಾಣಪತ್ರ: ಯಾವಾಗ, ಎಲ್ಲಿ, ಯಾವ ದಾಖಲೆ. ಪ್ರತಿ ವರ್ಷ ಆ ವರ್ಷದ ಅಧಿಸೂಚನೆ ನೋಡಿ ತಿದ್ದಬೇಕು.

• ಹುಡುಗಿಯರಿಗೆ ಎಐಸಿಟಿಇಯ ಪ್ರಗತಿ ಸ್ಕಾಲರ್‌ಶಿಪ್ ಬಗ್ಗೆ ಪ್ರತ್ಯೇಕವಾಗಿ ಹೇಳೋದು. ವರ್ಷಕ್ಕೆ 50,000 ರೂಪಾಯಿ, ಕುಟುಂಬದ ವರಮಾನ 8 ಲಕ್ಷದೊಳಗೆ ಇರಬೇಕು. ಮೊದಲ ವರ್ಷಕ್ಕೆ ಸೇರಿದಾಗಲೇ, ಡಿಪ್ಲೊಮಾದಿಂದ ಬಂದವರಾದರೆ ಎರಡನೇ ವರ್ಷಕ್ಕೆ ಸೇರಿದಾಗಲೇ ಅರ್ಜಿ ಹಾಕಬೇಕು. ಆಮೇಲೆ ಗೊತ್ತಾಗಿ ಉಪಯೋಗ ಇಲ್ಲ.

• ದಸರಾಕ್ಕೆ ಮೊದಲು, ಅಂದ್ರ ಜನ ಊರು ಬಿಡೋಕೂ ಮೊದಲು, ಕಮಲಾಪುರ ಸುತ್ತಲಿನ ಸರ್ಕಾರಿ ಹೈಸ್ಕೂಲುಗಳಿಗೆ ಒಂದು ದಿನ ಹೋಗಿ ಬರೋದು. ಭಾಷಣ ಬೇಡ. ‘ಎಲ್ಲಿಗೆ ಹೋಗ್ತೀರಿ, ಯಾವಾಗ ಬರ್ತೀರಿ, ಶಾಲೆ ಏನು ಮಾಡ್ತೀರಿ’ ಅಂತ ಕೇಳೋದು. ವಸತಿ ಕೇಂದ್ರ ಇದೆಯಾ ಅಂತ ಅಲ್ಲಿನ ಮೇಷ್ಟ್ರನ್ನ ವಿಚಾರಿಸಿ ಮನೆಯವರಿಗೆ ಹೇಳೋದು. ನಮ್ಮಲ್ಲಿ ಲಂಬಾಣಿ ಮಾತಾಡೋ ಗೆಳೆಯರಿದ್ದಾರೆ, ಮುಂದೆ ನಿಂತು ಮಾತಾಡಬೇಕಾದವರು ಅವರು.

• ಶನಿವಾರ ಸಂಜೆ ಕ್ಯಾಂಟೀನ್‌ನಲ್ಲಿ ಒಂದು ಟೇಬಲ್. ಇಬ್ಬರು ಕೂತರೆ ಸಾಕು. ರೋಜಾ ಓಣಿಗಳ ಪಿಯುಸಿ, ಡಿಪ್ಲೊಮಾ ಹುಡುಗರು ಬಂದು ಫಾರ್ಮ್ ತೋರಿಸಿಕೊಂಡು ಹೋಗಲಿ. ಅವರು ಉರ್ದುವಿನಲ್ಲಿ ಕೇಳಿದರೆ ಉರ್ದುವಿನಲ್ಲೇ ಉತ್ತರ. ಕನ್ನಡ ಸಂಘ ಅಂತ ಭಾಷೆಯ ಗೇಟು ಹಾಕೋದು ಬೇಡ. ಕೆಲಸ ಆದರೆ ಕನ್ನಡದ ಮೇಲೆ ಪ್ರೀತಿ ತಾನೇ ಬರ್ತದ.

ಇನ್ನೊಂದು ಮಾತು. ಮೂರು ವರ್ಷದಲ್ಲಿ ನಮ್ಮಲ್ಲಿ ಅರ್ಧ ಜನ ಬೆಂಗಳೂರು, ಪುಣೆ, ಹೈದರಾಬಾದ್‌ನಲ್ಲಿ ಇರ್ತೀವಿ. ಆಗ ನಾವೂ ವಲಸಿಗರೇ, ಕೈಯಲ್ಲಿ ಲ್ಯಾಪ್‌ಟಾಪ್ ಇರೋ ವಲಸಿಗರು. ನಮಗೆ ಅಲ್ಲಿ ಕನ್ನಡ ಸಂಘ ಸಿಗುತ್ತೆ, ವಾಟ್ಸ್ಯಾಪ್ ಗ್ರೂಪ್ ಸಿಗುತ್ತೆ, ಹೋಳಿಗೆ ಊಟ ಸಿಗುತ್ತೆ. ನಾವು ಕೂರುವ ಆಫೀಸನ್ನ ಕಟ್ಟುತ್ತಿರೋರಲ್ಲಿ ಕಮಲಾಪುರದ ಕುಟುಂಬವೂ ಇರಬಹುದು. ಅವರ ಮಗು ಆ ಹೊತ್ತಿಗೆ ಶಾಲೆಯಲ್ಲಿ ಇದೆಯಾ ಅಂತ ಒಂದು ಸಲ ಕೇಳಿದರೆ, ಅಷ್ಟರಿಂದಲೇ ಒಂದು ಸಂಘ ಶುರುವಾಗಬಹುದು. ಮುಂಬೈಯಲ್ಲಿ ಶುರುವಾದದ್ದೂ ಇಂಥ ಪ್ರಶ್ನೆಯಿಂದಲೇ ಇರಬೇಕು.

ಚರ್ಚೆಗೆ ಮೂರು ಪ್ರಶ್ನೆ

1. ನಿಮ್ಮ ಮನೆಯಲ್ಲಿ ಮೊದಲು ಊರು ಬಿಟ್ಟವರು ಯಾರು? ಅವರಿಗೆ ಹೊಸ ಊರಿನಲ್ಲಿ ಮೊದಲು ಸಹಾಯ ಮಾಡಿದವರು ಯಾರು?

2. ಈ ಕಾಲೇಜಿನ ಸೀಟಿನ ಬಗ್ಗೆ ನಿಮಗೆ ಸುದ್ದಿ ಕೊಟ್ಟವರು ಯಾರು? ಅವರು ಇಲ್ಲದಿದ್ದರೆ?

3. ಜಾತಿಯ ಸಂಘ ಮಾಡಿದ ಕೆಲಸವನ್ನ, ಜಾತಿ ಕೇಳದ ಸಂಘ ಅಷ್ಟೇ ಗಟ್ಟಿಯಾಗಿ ಮಾಡಬೇಕಂದ್ರ ಏನು ಬೇಕು?

ಮೂರನೆಯದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಶನಿವಾರದ ಟೇಬಲ್ ಹತ್ತಿರ ಬರ್ರಿ, ಚಹಾ ಕುಡಿತಾ ಮಾತಾಡೋಣ.